ಮೈಲುಗಳು ಯಾವ ಖಾತೆಗೆ? ಬೆಂಗಳೂರಿನಿಂದ ಹಾರುವವರಿಗೆ ಫ್ರೀಕ್ವೆಂಟ್ ಫ್ಲೈಯರ್ ಯೋಜನೆಗಳ ಹೋಲಿಕೆ

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಮಾರ್ಗವಾಗಿ ಶಿಕಾಗೋಗೆ ಹೋಗುವ ಲುಫ್ತಾನ್ಸಾ ಟಿಕೆಟ್ ಕೊಳ್ಳುವಾಗ, ಪ್ರಯಾಣಿಕರ ವಿವರಗಳ ಕೆಳಗೆ ಫ್ರೀಕ್ವೆಂಟ್ ಫ್ಲೈಯರ್ ಸಂಖ್ಯೆಯನ್ನು ತುಂಬುವ ಒಂದು ಖಾನೆ ಇರುತ್ತದೆ. ಹಾರಿದ್ದಕ್ಕೆ ಮೈಲು ಎಂಬ ಪಾಯಿಂಟ್‌ಗಳನ್ನು ಕೊಟ್ಟು, ಅವು ಸಾಕಷ್ಟು ಕೂಡಿದಾಗ ಟಿಕೆಟ್ ಕೊಡುವ ವಿಮಾನ ಕಂಪನಿಗಳ ಸದಸ್ಯತ್ವ ಯೋಜನೆಯ ಸಂಖ್ಯೆ ಅದು. ಅನೇಕರು ಆ ಖಾನೆಯನ್ನು ಖಾಲಿ ಬಿಡುತ್ತಾರೆ. ಉಳಿದವರಲ್ಲಿ ಬಹಳ ಮಂದಿ, ಹತ್ತುವುದು ಲುಫ್ತಾನ್ಸಾ ವಿಮಾನವಾದ್ದರಿಂದ ಲುಫ್ತಾನ್ಸಾದ ಸದಸ್ಯರೇ ಆಗಬೇಕೆಂದು ಭಾವಿಸಿ ಅಲ್ಲೇ ಹೊಸ ಖಾತೆ ತೆರೆಯುತ್ತಾರೆ. ಮುಂದಿನ ಪ್ರಯಾಣ ಎಮಿರೇಟ್ಸ್‌ನಲ್ಲಾದರೆ ಅಲ್ಲೊಂದು ಖಾತೆ, ಅದರ ಮುಂದಿನದು ಏರ್ ಇಂಡಿಯಾದಲ್ಲಾದರೆ ಇನ್ನೊಂದು. ಹೀಗೆ ಐದಾರು ಕಡೆ ಚಿಲ್ಲರೆಯಾಗಿ ಹಂಚಿಹೋದ ಮೈಲುಗಳು ಯಾವ ಟಿಕೆಟ್ಟಿಗೂ ಸಾಲದೆ, ಅವಧಿ ಮುಗಿದು ರದ್ದಾಗುತ್ತವೆ.

ಹಾರುವ ವಿಮಾನ ಯಾವ ಕಂಪನಿಯದು, ಮೈಲುಗಳು ಜಮಾ ಆಗುವ ಖಾತೆ ಯಾವ ಕಂಪನಿಯದು ಎಂಬುವು ಎರಡು ಬೇರೆ ಬೇರೆ ನಿರ್ಧಾರಗಳು. 1981ರ ಮೇ ತಿಂಗಳಲ್ಲಿ ಅಮೆರಿಕನ್ ಏರ್‌ಲೈನ್ಸ್ ತನ್ನ ಎಎಡ್ವಾಂಟೇಜ್ ಯೋಜನೆಯನ್ನು ಆರಂಭಿಸಿದಾಗ ಈ ವ್ಯತ್ಯಾಸಕ್ಕೆ ಅಷ್ಟಾಗಿ ಅರ್ಥವಿರಲಿಲ್ಲ. 1997ರಲ್ಲಿ ಸ್ಟಾರ್ ಅಲಯನ್ಸ್, 1999ರಲ್ಲಿ ಒನ್‌ವರ್ಲ್ಡ್, 2000ದಲ್ಲಿ ಸ್ಕೈಟೀಮ್ ಎಂಬ ವಿಮಾನ ಕಂಪನಿಗಳ ಕೂಟಗಳು ಹುಟ್ಟಿಕೊಂಡ ಮೇಲೆ ಪರಿಸ್ಥಿತಿ ಬದಲಾಯಿತು. ಲುಫ್ತಾನ್ಸಾ, ಸಿಂಗಪುರ ಏರ್‌ಲೈನ್ಸ್, ಯುನೈಟೆಡ್, ಏರ್ ಕೆನಡಾ ಮತ್ತು 2014ರ ಜುಲೈನಿಂದ ಏರ್ ಇಂಡಿಯಾ ಇವೆಲ್ಲ ಸ್ಟಾರ್ ಅಲಯನ್ಸ್ ಕೂಟದಲ್ಲಿರುವುದರಿಂದ, ಮೇಲಿನ ಶಿಕಾಗೋ ಪ್ರಯಾಣದ ಮೈಲುಗಳನ್ನು ಇವುಗಳಲ್ಲಿ ಯಾವುದಾದರೂ ಒಂದರ ಖಾತೆಗೆ ಜಮಾ ಮಾಡಿಸಬಹುದು. ಒಂದು ಪ್ರಯಾಣ ಒಂದೇ ಖಾತೆಗೆ ಎಂಬುದಷ್ಟೇ ನಿಯಮ. ಕೂಟದ ಯೋಜನೆಯೊಂದರಲ್ಲಿ ಗಳಿಸಿದ ಮೈಲುಗಳನ್ನು ಆಮೇಲೆ ಮತ್ತೊಂದಕ್ಕೆ ವರ್ಗಾಯಿಸಲು ಸಾಮಾನ್ಯವಾಗಿ ಆಗುವುದಿಲ್ಲವಾದ್ದರಿಂದ, ಆಯ್ಕೆಯನ್ನು ಮೊದಲೇ ಮಾಡಿಕೊಳ್ಳಬೇಕು.

ಆ ಆಯ್ಕೆಯನ್ನು ಹೆಚ್ಚಿನವರು ಗಳಿಕೆಯ ಕಡೆಯಿಂದ ಮಾಡುತ್ತಾರೆ: ಯಾವುದರಲ್ಲಿ ಹೆಚ್ಚು ಹಾರುತ್ತೇನೆ, ಎಲ್ಲಿ ಹೆಚ್ಚು ಮೈಲು ಸಿಗುತ್ತದೆ ಎಂಬ ಲೆಕ್ಕ ಅದು. ಅದನ್ನು ತಿರುವಿ ಹಾಕಬೇಕೆಂಬುದು ನನ್ನ ಅಭಿಪ್ರಾಯ. ಯಾವ ಊರಿಗೆ, ಯಾವ ತರಗತಿಯಲ್ಲಿ, ಯಾರ ಹೆಸರಿನಲ್ಲಿ ಟಿಕೆಟ್ ಪಡೆಯುವ ಆಸೆಯಿದೆ ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು, ಆ ಸೀಟನ್ನು ಕಡಿಮೆ ಮೈಲುಗಳಿಗೂ ಕಡಿಮೆ ನಗದಿಗೂ ಕೊಡುವ ಯೋಜನೆಯನ್ನು ಹುಡುಕಿ, ಅಲ್ಲಿಗೇ ಎಲ್ಲ ಗಳಿಕೆಯನ್ನು ಹರಿಸುವುದು ಲಾಭದಾಯಕ.

ಅಳೆಯುವುದು ಹೇಗೆ?

ಮೊದಲ ಅಳತೆ ಗಳಿಕೆಯ ಲೆಕ್ಕ. ಕೆಲವು ಯೋಜನೆಗಳು ಹಾರಿದ ದೂರಕ್ಕೆ ಮೈಲು ಕೊಡುತ್ತವೆ, ಕೆಲವು ಟಿಕೆಟ್ಟಿಗೆ ತೆತ್ತ ಹಣಕ್ಕೆ. ದೂರದ ಲೆಕ್ಕದಲ್ಲಿ ಟಿಕೆಟ್ಟಿನ ಬುಕಿಂಗ್ ಕ್ಲಾಸ್, ಅಂದರೆ ದರಪಟ್ಟಿಯಲ್ಲಿ ಟಿಕೆಟ್ಟಿಗೆ ಹಾಕಿರುವ ಅಕ್ಷರ, ಬಹಳ ಮುಖ್ಯವಾಗುತ್ತದೆ. ಬೆಂಗಳೂರಿನಿಂದ ಸಿಂಗಪುರಕ್ಕೆ ಸುಮಾರು 2,000 ಮೈಲಿ ದೂರ. ಅತಿ ಅಗ್ಗದ ಎಕಾನಮಿ ದರಕ್ಕೆ ಅರ್ಧ ಮಾತ್ರ ಜಮಾ ಆಗುವುದಾದರೆ ಹೋಗಿಬರುವ ಪ್ರಯಾಣಕ್ಕೆ ಸಿಗುವುದು 2,000 ಮೈಲು ಅಷ್ಟೆ. ಕೂಟದ ಬೇರೆ ಕಂಪನಿಯ ಅಗ್ಗದ ಟಿಕೆಟ್ಟುಗಳಿಗೆ ಕೆಲವು ಯೋಜನೆಗಳು ಏನೂ ಕೊಡದಿರುವುದೂ ಉಂಟು. ಹಣದ ಲೆಕ್ಕ ದುಬಾರಿ ಟಿಕೆಟ್ ಕೊಳ್ಳುವ ಕಚೇರಿ ಪ್ರಯಾಣಿಕರಿಗೆ ಅನುಕೂಲ. ಸ್ವಂತ ಖರ್ಚಿನಲ್ಲಿ ಅಗ್ಗದ ದರ ಹುಡುಕಿ ದೂರ ಹೋಗುವವರಿಗೆ ದೂರದ ಲೆಕ್ಕವೇ ವಾಸಿ.

ಎರಡನೆಯದು ಬಳಕೆಯ ಬೆಲೆ. ಮಾರ್ಗಕ್ಕಿಷ್ಟು ಮೈಲು ಎಂದು ಪಟ್ಟಿ ಪ್ರಕಟಿಸುವ ಯೋಜನೆಗಳಲ್ಲಿ ಗುರಿಯಿಟ್ಟುಕೊಂಡು ಕೂಡಿಡಬಹುದು. ಬೇಡಿಕೆಗೆ ತಕ್ಕಂತೆ ದಿನದಿನಕ್ಕೆ ಬೆಲೆ ಬದಲಾಯಿಸುವ ಯೋಜನೆಗಳಲ್ಲಿ, ಬೇಸಿಗೆ ರಜೆಗೋ ಡಿಸೆಂಬರಿಗೋ ಟಿಕೆಟ್ ಬೇಕೆಂದಾಗ ಬೆಲೆ ಎರಡು ಮೂರು ಪಟ್ಟು ಏರಿರುವುದು ಆಶ್ಚರ್ಯವಲ್ಲ. ಪಟ್ಟಿ ಇರುವಲ್ಲಿ ಕೊರತೆಯಿರುವುದು ಸೀಟಿನದು: ಬೆಲೆ ಕಡಿಮೆ ಇರುತ್ತದೆ, ಆದರೆ ಆ ಬೆಲೆಗೆ ಬಿಡುವ ಸೀಟುಗಳು ಬೆರಳೆಣಿಕೆಯಷ್ಟು.

ಮೂರನೆಯದನ್ನು ಹೊಸಬರು ಮರೆಯುವುದೇ ಹೆಚ್ಚು. ಮೈಲುಗಳಿಂದ ಪಡೆದ ಟಿಕೆಟ್ ಉಚಿತವಲ್ಲ. ವಿಮಾನ ನಿಲ್ದಾಣದ ಶುಲ್ಕ ಮತ್ತು ಸರ್ಕಾರದ ತೆರಿಗೆಗಳ ಜೊತೆಗೆ, ಕೆಲವು ಕಂಪನಿಗಳು ತಮ್ಮದೇ ಸರ್ಚಾರ್ಜನ್ನೂ (ಹೆಚ್ಚುವರಿ ಶುಲ್ಕವನ್ನೂ) ನಗದಾಗಿ ವಸೂಲಿ ಮಾಡುತ್ತವೆ. ಒಂದು ಕಲ್ಪಿತ ಲೆಕ್ಕ ನೋಡೋಣ. ಒಂದು ಟಿಕೆಟ್ಟಿನ ಮಾರುಕಟ್ಟೆ ದರ 60,000 ರೂಪಾಯಿ. ಅದೇ ಟಿಕೆಟ್ 30,000 ಮೈಲುಗಳು ಮತ್ತು 15,000 ರೂಪಾಯಿಗೆ ಸಿಗುತ್ತದೆ ಎಂದುಕೊಳ್ಳಿ. ಉಳಿತಾಯ 45,000 ರೂಪಾಯಿ. ಅದನ್ನು 30,000ದಿಂದ ಭಾಗಿಸಿದರೆ ಮೈಲೊಂದಕ್ಕೆ ಒಂದೂವರೆ ರೂಪಾಯಿ. ನಗದು ಭಾಗ 33,000 ಆದರೆ ಅದೇ ಮೈಲಿನ ಬೆಲೆ 90 ಪೈಸೆಗೆ ಇಳಿಯುತ್ತದೆ. ಈ ಭಾಗಾಕಾರವನ್ನು ಪ್ರತಿ ಸಲವೂ ಮಾಡಬೇಕು. ಬೆಂಗಳೂರಿನಿಂದ ಎಕಾನಮಿಯಲ್ಲಿ ಹಾರುವವರು ಮೈಲೊಂದಕ್ಕೆ ಒಂದು ರೂಪಾಯಿಗಿಂತ ಹೆಚ್ಚು ಪಡೆದರೆ ಒಳ್ಳೆಯ ಬಳಕೆ ಎಂದೂ, ಐವತ್ತು ಪೈಸೆಗಿಂತ ಕೆಳಗಿಳಿದರೆ ಹಣ ಕೊಟ್ಟೇ ಟಿಕೆಟ್ ಕೊಳ್ಳುವುದು ಮೇಲೆಂದೂ ನಾನು ಎಣಿಸುತ್ತೇನೆ. ಬಿಸಿನೆಸ್ ತರಗತಿಯಲ್ಲಿ ಈ ಅಂಕಿ ಎಷ್ಟೋ ಮೇಲೇರುತ್ತದೆ. ಆದರೆ ಹಣ ಕೊಟ್ಟು ನೀವು ಎಂದೂ ಕೊಳ್ಳದ ಎರಡೂವರೆ ಲಕ್ಷದ ಟಿಕೆಟ್ಟನ್ನು ಆಧಾರವಾಗಿಟ್ಟುಕೊಂಡು ಉಳಿತಾಯ ಲೆಕ್ಕ ಹಾಕುವುದು ಆತ್ಮವಂಚನೆ.

ಮೈಲುಗಳ ಆಯಸ್ಸು ಮತ್ತು ಅವುಗಳನ್ನು ಮನೆಯವರ ನಡುವೆ ಹಂಚಿಕೊಳ್ಳುವ ಅನುಕೂಲ ಉಳಿದೆರಡು ಅಳತೆಗಳು. ವರ್ಷಕ್ಕೆ ಹತ್ತು ಸಲ ಹಾರುವವರಿಗೆ ಇವು ಗೌಣ. ಎರಡು ವರ್ಷಕ್ಕೊಮ್ಮೆ ನಾಲ್ಕು ಜನರ ಸಂಸಾರ ಕಟ್ಟಿಕೊಂಡು ಊರಿಗೆ ಬರುವವರಿಗೆ ಇವೇ ಮೊದಲು.

ಸ್ಟಾರ್ ಅಲಯನ್ಸ್ ಕೂಟದೊಳಗಿನ ನಾಲ್ಕು ದಾರಿಗಳು

ಏರ್ ಇಂಡಿಯಾದ ಹಳೆಯ ಫ್ಲೈಯಿಂಗ್ ರಿಟರ್ನ್ಸ್ ಯೋಜನೆ ಈಗ ಮಹಾರಾಜ ಕ್ಲಬ್ ಎಂಬ ಹೆಸರಿನಲ್ಲಿದೆ. 2024ರ ಏಪ್ರಿಲ್‌ನಲ್ಲಿ ಅದು ತನ್ನ ವಿಮಾನಗಳ ಗಳಿಕೆಯನ್ನು ದೂರದ ಲೆಕ್ಕದಿಂದ ಹಣದ ಲೆಕ್ಕಕ್ಕೆ ಬದಲಾಯಿಸಿತು. ಅದೇ ವರ್ಷದ ನವೆಂಬರ್ 12ರಂದು ವಿಸ್ತಾರಾ ಏರ್ ಇಂಡಿಯಾದಲ್ಲಿ ವಿಲೀನವಾದಾಗ ಕ್ಲಬ್ ವಿಸ್ತಾರಾ ಸದಸ್ಯರೂ ಇಲ್ಲಿಗೆ ಬಂದರು. 24 ತಿಂಗಳಿಗೊಮ್ಮೆಯಾದರೂ ಹಾರಾಟ ಮಾಡಿದರೆ ಪಾಯಿಂಟ್‌ಗಳು ಉಳಿಯುತ್ತವೆ ಎಂಬುದು 2024ರಲ್ಲಿ ಬಂದ ನಿಯಮ. ಇದರ ದೊಡ್ಡ ಅನುಕೂಲವೆಂದರೆ ದೇಶದೊಳಗಿನ ಪ್ರಯಾಣ ಮತ್ತು ವಿದೇಶದ ಪ್ರಯಾಣ ಎರಡೂ ಒಂದೇ ಖಾತೆಯಲ್ಲಿ ಕೂಡಿಕೊಳ್ಳುತ್ತವೆ. ಬೆಂಗಳೂರು–ದೆಹಲಿ ನಡುವೆ ಕಚೇರಿಯ ಹಣದಲ್ಲಿ ಓಡಾಡುವವರು ಆ ಪಾಯಿಂಟ್‌ಗಳನ್ನು ಲುಫ್ತಾನ್ಸಾದಲ್ಲೋ ಸಿಂಗಪುರ ಏರ್‌ಲೈನ್ಸ್‌ನಲ್ಲೋ ಖರ್ಚು ಮಾಡಲು ಸಾಧ್ಯವಿರುವುದು ಏರ್ ಇಂಡಿಯಾದಲ್ಲಿ ಹಾರಿದರೆ ಮಾತ್ರ, ಏಕೆಂದರೆ ದೇಶದೊಳಗೆ ಹಾರುವ ಬೇರಾವ ಭಾರತೀಯ ಕಂಪನಿಯೂ ಈ ಕೂಟದಲ್ಲಿಲ್ಲ. ಇದೇ ಟಾಟಾ ಗುಂಪಿನ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಕೂಡ ಕೂಟದ ಸದಸ್ಯನಲ್ಲ. ಮಂಗಳೂರಿನಿಂದ ಕೊಲ್ಲಿಗೆ ಹೋಗುವವರು ಇದನ್ನು ಗಮನಿಸಬೇಕು. ಹುಬ್ಬಳ್ಳಿ, ಬೆಳಗಾವಿ, ಕಲಬುರಗಿಗಳಲ್ಲಿ ಪರಿಚಿತವಾದ ಸ್ಟಾರ್ ಏರ್‌ಗೂ ಸ್ಟಾರ್ ಅಲಯನ್ಸ್‌ಗೂ ಸಂಬಂಧವಿಲ್ಲ.

ಸಿಂಗಪುರ ಏರ್‌ಲೈನ್ಸ್‌ನ ಯೋಜನೆಯಾದ ಕ್ರಿಸ್‌ಫ್ಲೈಯರ್ ಇದಕ್ಕೆ ಬಹುಮಟ್ಟಿಗೆ ವಿರುದ್ಧ ಸ್ವಭಾವದ್ದು. ಸಿಂಗಪುರ ಏರ್‌ಲೈನ್ಸ್ ಏರ್ ಇಂಡಿಯಾದಲ್ಲಿ 25.1 ಶೇಕಡಾ ಪಾಲು ಹೊಂದಿದ್ದರೂ ಎರಡೂ ಯೋಜನೆಗಳು ಬೇರೆಬೇರೆಯೇ. ಇಲ್ಲಿ ಬಳಕೆಗೆ ಪ್ರಕಟಿತ ಪಟ್ಟಿಯಿದೆ: ಸೇವರ್ ದರದಲ್ಲಿ ಬೆಲೆ ಕಡಿಮೆ, ಸೀಟುಗಳೂ ಕಡಿಮೆ, ಅಡ್ವಾಂಟೇಜ್ ದರದಲ್ಲಿ ಎರಡೂ ಹೆಚ್ಚು. ಸೇವರ್ ಸೀಟು ಇಲ್ಲವೆಂದಾಗ ವೇಟ್‌ಲಿಸ್ಟ್‌ಗೆ ಹೆಸರು ಕೊಟ್ಟು ಕಾಯಬಹುದು. ರೈಲ್ವೆಯ ವೇಟಿಂಗ್ ಲಿಸ್ಟ್ ಬಲ್ಲ ನಮಗೆ ಈ ಆತಂಕ ಹೊಸದೇನಲ್ಲ. ತನ್ನದೇ ವಿಮಾನಗಳ ಮೈಲು ಟಿಕೆಟ್ಟುಗಳ ಮೇಲೆ ಕಂಪನಿ 2017ರಿಂದ ಇಂಧನ ಸರ್ಚಾರ್ಜ್ ಹಾಕುತ್ತಿಲ್ಲವಾದ್ದರಿಂದ ನಗದು ಭಾಗ ಹಗುರ. ತಿಂಗಳಿಗೊಮ್ಮೆ ಪ್ರಕಟವಾಗುವ ಸ್ಪಾಂಟೇನಿಯಸ್ ಎಸ್ಕೇಪ್ಸ್ ಪಟ್ಟಿಯಲ್ಲಿ ಆಯ್ದ ಮಾರ್ಗಗಳಿಗೆ ಸಾಮಾನ್ಯವಾಗಿ 30 ಶೇಕಡಾ ರಿಯಾಯಿತಿ ಸಿಗುತ್ತದೆ, ಆದರೆ ಆ ಟಿಕೆಟ್ಟುಗಳನ್ನು ಬದಲಾಯಿಸಲು ಬರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಸಿಂಗಪುರ ಏರ್‌ಲೈನ್ಸ್ ತನ್ನ ದೂರಮಾರ್ಗಗಳ ಬಿಸಿನೆಸ್ ಮತ್ತು ಫಸ್ಟ್ ಸೀಟುಗಳನ್ನು ಕೂಟದ ಇತರ ಯೋಜನೆಗಳ ಸದಸ್ಯರಿಗೆ ಬಹುತೇಕ ಬಿಡುವುದೇ ಇಲ್ಲ. ಸಿಡ್ನಿಗೋ ಟೋಕಿಯೋಗೋ ಆ ಸೀಟಿನಲ್ಲಿ ಕೂರುವ ಆಸೆಯಿದ್ದರೆ ನಂಬಬಹುದಾದ ದಾರಿ ಕ್ರಿಸ್‌ಫ್ಲೈಯರ್.

ಇದರ ಬಲಹೀನತೆ ಆಯಸ್ಸಿನದು. ಗಳಿಸಿದ ಮೈಲುಗಳು 36 ತಿಂಗಳಿಗೆ ರದ್ದಾಗುತ್ತವೆ. ನಡುವೆ ಎಷ್ಟು ಹಾರಿದರೂ ಹಳೆಯ ಮೈಲುಗಳ ಅವಧಿ ತಾನಾಗಿ ಮುಂದಕ್ಕೆ ಹೋಗುವುದಿಲ್ಲ. ಪ್ರತಿ 10,000 ಮೈಲುಗಳಿಗೆ 1,200 ಮೈಲುಗಳನ್ನೋ 12 ಅಮೆರಿಕನ್ ಡಾಲರನ್ನೋ ತೆತ್ತು ಆರು ತಿಂಗಳು ವಿಸ್ತರಿಸಿಕೊಳ್ಳಬಹುದು, ಅಷ್ಟೆ. ಎರಡು ವರ್ಷಕ್ಕೊಮ್ಮೆ ಅಗ್ಗದ ಟಿಕೆಟ್ಟಿನಲ್ಲಿ ಹಾರಿ, ಹಾರಾಟದಿಂದ ಮಾತ್ರ ಮೈಲು ಗಳಿಸುವ ಕುಟುಂಬಕ್ಕೆ ಮೂರು ವರ್ಷದಲ್ಲಿ ಒಂದು ಒಳ್ಳೆಯ ಟಿಕೆಟ್ಟಿಗೆ ಬೇಕಾದಷ್ಟು ಕೂಡುವುದು ಕಷ್ಟ. ಖಾತೆಯ ಮೈಲುಗಳಿಂದ ಮನೆಯವರಿಗೆ ಟಿಕೆಟ್ ಮಾಡಬೇಕಾದರೆ ಅವರನ್ನು ನಾಮಿನಿಯಾಗಿ ಸೇರಿಸಿರಬೇಕು, ಮತ್ತು ಐವರಿಗಿಂತ ಹೆಚ್ಚು ನಾಮಿನಿಗಳಿಗೆ ಅವಕಾಶವಿಲ್ಲ. ಅಪ್ಪ, ಅಮ್ಮ, ಅತ್ತೆ, ಮಾವ, ಹೆಂಡತಿ ಎನ್ನುವಷ್ಟರಲ್ಲಿ ಐದು ಮುಗಿದು ಮಕ್ಕಳು ಹೊರಗುಳಿಯುತ್ತಾರೆ!

ಯುನೈಟೆಡ್‌ನ ಮೈಲೇಜ್‌ಪ್ಲಸ್ ಮತ್ತು ಏರ್ ಕೆನಡಾದ ಏರೋಪ್ಲಾನ್ ಯೋಜನೆಗಳ ವಿಚಾರ ಮುಖ್ಯವಾಗಿ ಅಮೆರಿಕ ಮತ್ತು ಕೆನಡಾಗಳಲ್ಲಿ ನೆಲೆಸಿರುವ ಕನ್ನಡಿಗರದು, ಆದರೆ ಅಲ್ಲಿಗೆ ಆಗಾಗ ಹೋಗುವ ಬೆಂಗಳೂರಿನವರಿಗೂ ಇವು ಉಪಯುಕ್ತ. ಯುನೈಟೆಡ್‌ನ ಮೈಲುಗಳಿಗೆ 2019ರಿಂದ ಅವಧಿಯೇ ಇಲ್ಲ. ಅಪರೂಪಕ್ಕೆ ಹಾರುವವರಿಗೆ ಇದು ಬಹಳ ದೊಡ್ಡ ನೆಮ್ಮದಿ. ಕೂಟದ ಯಾವ ಕಂಪನಿಯಲ್ಲಿ ಟಿಕೆಟ್ ಪಡೆದರೂ ಸರ್ಚಾರ್ಜ್ ಹೇರುವುದಿಲ್ಲ. 2024ರಿಂದ ಐದು ಜನ ಸೇರಿ ಮೈಲುಗಳನ್ನು ಒಟ್ಟುಗೂಡಿಸಿಕೊಳ್ಳುವ ಸೌಲಭ್ಯವೂ ಇದೆ. ಬದಲಿಗೆ ಬಿಟ್ಟುಕೊಡಬೇಕಾದದ್ದು ಬೆಲೆಯ ನಿಶ್ಚಿತತೆ: ಪಟ್ಟಿಯನ್ನು ಕಂಪನಿ 2019ರಲ್ಲೇ ತೆಗೆದುಹಾಕಿದೆ, ಬೆಲೆಗಳು ಒಂದೇ ಸಮನೆ ಏರುತ್ತಿವೆ.

ಈ ನಾಲ್ಕರಲ್ಲಿ ಉತ್ತರ ಅಮೆರಿಕದಿಂದ ಭಾರತಕ್ಕೆ ಬರುವ ಕುಟುಂಬಗಳಿಗೆ ನಾನು ಮೊದಲು ಸೂಚಿಸುವುದು ಏರೋಪ್ಲಾನ್. 2020ರ ನವೆಂಬರ್‌ನಲ್ಲಿ ಹೊಸ ರೂಪ ತಳೆದ ಈ ಯೋಜನೆ ದೂರ ಮತ್ತು ವಲಯಗಳ ಪಟ್ಟಿಯನ್ನು ಇಟ್ಟುಕೊಂಡಿದೆ. ಏರ್ ಕೆನಡಾದ ಸ್ವಂತ ವಿಮಾನಗಳ ಬೆಲೆ ಏರಿಳಿಯುತ್ತದಾದರೂ ಬಹುತೇಕ ಪಾಲುದಾರ ಕಂಪನಿಗಳ ಬೆಲೆ ಪಟ್ಟಿಯಂತೆಯೇ ನಡೆಯುತ್ತದೆ. ಸರ್ಚಾರ್ಜ್ ಇಲ್ಲ, ಪಾಲುದಾರರ ಟಿಕೆಟ್ಟಿಗೆ 39 ಕೆನಡಿಯನ್ ಡಾಲರ್ ಶುಲ್ಕವಿದೆ. 5,000 ಪಾಯಿಂಟ್ ಹೆಚ್ಚು ಕೊಟ್ಟರೆ ಒಂದು ಬದಿಯ ಪ್ರಯಾಣದಲ್ಲೂ ನಡುದಾರಿಯ ಊರೊಂದರಲ್ಲಿ ಕೆಲವು ದಿನ ತಂಗಬಹುದು; ಟೊರಾಂಟೊದಿಂದ ಬೆಂಗಳೂರಿಗೆ ಬರುವಾಗ ಫ್ರಾಂಕ್‌ಫರ್ಟ್‌ನಲ್ಲಿ ನಾಲ್ಕು ದಿನ ಕಳೆಯಲು ಬೇರೆ ಟಿಕೆಟ್ ಬೇಕಿಲ್ಲ. ಎಂಟು ಜನರ ತನಕ ಒಂದೇ ಮನೆಯ ಪಾಯಿಂಟ್‌ಗಳನ್ನು ಒಟ್ಟುಗೂಡಿಸಿಕೊಳ್ಳಲು ಅವಕಾಶವಿದೆ. 18 ತಿಂಗಳು ಖಾತೆಯಲ್ಲಿ ಯಾವ ಚಟುವಟಿಕೆಯೂ ಇಲ್ಲದಿದ್ದರೆ ಪಾಯಿಂಟ್‌ಗಳು ಹೋಗುತ್ತವೆ ಎಂಬುದೊಂದನ್ನು ನೆನಪಿಟ್ಟುಕೊಂಡರೆ ಸಾಕು, ಏಕೆಂದರೆ ಅವಧಿಯನ್ನು ಮುಂದೂಡಲು ಒಂದು ಸಣ್ಣ ಗಳಿಕೆಯೇ ಸಾಲುತ್ತದೆ.

ಅಮೆರಿಕದಲ್ಲಿರುವವರು ಬ್ಯಾಂಕ್ ಕಾರ್ಡನ್ನೂ ಜೊತೆಗಿಟ್ಟು ಯೋಚಿಸಬೇಕು. ಚೇಸ್ ಬ್ಯಾಂಕಿನ ಪಾಯಿಂಟ್‌ಗಳು ಯುನೈಟೆಡ್‌ಗೂ ಏರೋಪ್ಲಾನ್‌ಗೂ ಹೋಗುತ್ತವೆ. ಅಮೆರಿಕನ್ ಎಕ್ಸ್‌ಪ್ರೆಸ್‌ನವು ಏರೋಪ್ಲಾನ್‌ಗೆ ಹೋಗುತ್ತವೆ, ಯುನೈಟೆಡ್‌ಗೆ ಇಲ್ಲ.

ಏವಿಯೋಸ್: ಲಂಡನ್ ಮತ್ತು ದೋಹಾ

ಬ್ರಿಟಿಷ್ ಏರ್‌ವೇಸ್ ಬೆಂಗಳೂರಿನಿಂದ ಹೀಥ್ರೋಗೆ ನೇರವಾಗಿ ಹಾರುತ್ತದೆ, ಕತಾರ್ ಏರ್‌ವೇಸ್ ದೋಹಾಕ್ಕೆ. ಎರಡೂ ಒನ್‌ವರ್ಲ್ಡ್ ಕೂಟದವು, ಮತ್ತು 2022ರಿಂದ ಎರಡೂ ಏವಿಯೋಸ್ ಎಂಬ ಒಂದೇ ನಾಣ್ಯವನ್ನು ಬಳಸುತ್ತಿವೆ. ಖಾತೆಗಳನ್ನು ಜೋಡಿಸಿಕೊಂಡರೆ ಏವಿಯೋಸ್‌ಗಳನ್ನು ಶುಲ್ಕವಿಲ್ಲದೆ ಅತ್ತಿಂದಿತ್ತ ಸಾಗಿಸಬಹುದು. ಯೋಜನೆಯಿಂದ ಯೋಜನೆಗೆ ಮೈಲು ವರ್ಗವಾಗುವುದಿಲ್ಲ ಎಂಬ ಮೇಲಿನ ನಿಯಮಕ್ಕೆ ಇದು ದೊಡ್ಡ ಅಪವಾದ.

ಬ್ರಿಟಿಷ್ ಏರ್‌ವೇಸ್‌ನ ಯೋಜನೆ 2025ರ ಏಪ್ರಿಲ್‌ನಿಂದ ಬ್ರಿಟಿಷ್ ಏರ್‌ವೇಸ್ ಕ್ಲಬ್ ಎನಿಸಿಕೊಂಡಿದೆ. ತನ್ನ ವಿಮಾನಗಳಲ್ಲಿ ಗಳಿಕೆ ಹಣದ ಲೆಕ್ಕದ್ದು: ಆರಂಭದ ಸದಸ್ಯರಿಗೆ ಒಂದು ಪೌಂಡಿಗೆ 6 ಏವಿಯೋಸ್. ಬಳಕೆಯ ಕಡೆ ಇದರ ಒಂದು ಗುಣ ಅಪರೂಪದ್ದು. ಹೀಥ್ರೋದಿಂದ ಹೊರಡುವ ದೂರಮಾರ್ಗದ ಪ್ರತಿ ವಿಮಾನದಲ್ಲೂ ಏವಿಯೋಸ್ ಸದಸ್ಯರಿಗಾಗಿ ಇಂತಿಷ್ಟು ಸೀಟುಗಳನ್ನು ಬಿಟ್ಟೇ ಬಿಡುತ್ತೇನೆಂದು ಕಂಪನಿ ಮಾತು ಕೊಟ್ಟಿದೆ. ಸುಮಾರು ಒಂದು ವರ್ಷ ಮುಂಚೆ, 355 ದಿನಗಳಿರುವಾಗ ಅವು ತೆರೆಯುತ್ತವೆ. ಲಂಡನ್ನಿನ ಕನ್ನಡ ಕುಟುಂಬಗಳು ಶಾಲೆಯ ಬೇಸಿಗೆ ರಜೆಗೆ ಊರಿಗೆ ಬರಬೇಕೆಂದರೆ ಆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತುಹಾಕಿಕೊಂಡು ಕೂರುವುದೇ ಸರಿ. ಒಂದೇ ವಿಳಾಸದಲ್ಲಿರುವವರು ಹೌಸ್‌ಹೋಲ್ಡ್ ಖಾತೆ ತೆರೆದು ಏವಿಯೋಸ್ ಕೂಡಿಸಿಕೊಳ್ಳಬಹುದು, ಮತ್ತು 36 ತಿಂಗಳು ಚಟುವಟಿಕೆಯೇ ಇಲ್ಲದಿದ್ದರೆ ಮಾತ್ರ ಅವು ರದ್ದಾಗುತ್ತವೆ. ಕ್ರಿಸ್‌ಫ್ಲೈಯರ್‌ನ 36 ತಿಂಗಳಿಗೂ ಇದಕ್ಕೂ ಅಜಗಜಾಂತರ: ಅಲ್ಲಿ ಮೈಲಿಗೇ ಸಾವು ನಿಶ್ಚಿತ, ಇಲ್ಲಿ ಖಾತೆ ಎಚ್ಚರವಾಗಿರುವ ತನಕ ಭಯವಿಲ್ಲ.

ಇಷ್ಟೆಲ್ಲ ಅನುಕೂಲದ ಬೆಲೆ ನಗದಿನಲ್ಲಿದೆ. ದೂರಮಾರ್ಗಗಳಲ್ಲಿ, ಅದರಲ್ಲೂ ಬಿಸಿನೆಸ್ ತರಗತಿಯಲ್ಲಿ, ಬ್ರಿಟಿಷ್ ಏರ್‌ವೇಸ್ ಹೇರುವ ಶುಲ್ಕ ಭಾರಿಯಾದದ್ದು. ಬ್ರಿಟನ್ನಿನಿಂದ ಹೊರಡುವ ಪ್ರಯಾಣಕ್ಕೆ ಸರ್ಕಾರದ ವಿಮಾನ ಪ್ರಯಾಣ ತೆರಿಗೆ ಅದರ ಮೇಲೆ ಸೇರುತ್ತದೆ, ಮತ್ತು ಅದು ಎಕಾನಮಿಗಿಂತ ಮೇಲಿನ ತರಗತಿಗಳಿಗೆ ಹೆಚ್ಚು. ಎಕಾನಮಿ ಟಿಕೆಟ್ ಅಗ್ಗವಾಗಿರುವ ತಿಂಗಳುಗಳಲ್ಲಿ ಭಾಗಾಕಾರ ಮಾಡಿ ನೋಡಿದರೆ ಏವಿಯೋಸ್ ಬಳಸುವುದರಲ್ಲಿ ಅರ್ಥವೇ ಇಲ್ಲ ಎನ್ನುವ ಉತ್ತರ ಆಗಾಗ ಬರುತ್ತದೆ. ಅಂಥಲ್ಲಿ ಅದೇ ಏವಿಯೋಸ್‌ಗಳನ್ನು ಕತಾರ್ ಖಾತೆಗೆ ಸಾಗಿಸಿ ದೋಹಾ ಮಾರ್ಗವನ್ನು ಪರಿಶೀಲಿಸುವುದು ಒಳ್ಳೆಯದು.

ಇಂಡಿಗೋ, ಎಮಿರೇಟ್ಸ್ ಮತ್ತು ಉಳಿದವು

ಇಂಡಿಗೋದ ಬ್ಲೂಚಿಪ್ 2024ರಲ್ಲಿ ಬಂದದ್ದು. ದೇಶದೊಳಗೆ ಹಾರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹತ್ತುವುದು ಇಂಡಿಗೋ ವಿಮಾನವನ್ನಾದರೂ ಅಲ್ಲಿಯವರೆಗೆ ಕಂಪನಿಗೆ ಇಂಥ ಯೋಜನೆಯೇ ಇರಲಿಲ್ಲ. ಗಳಿಕೆ ಖರ್ಚು ಮಾಡಿದ ಹಣಕ್ಕೆ ತಕ್ಕಂತೆ. ಇಂಡಿಗೋ ಯಾವ ಕೂಟದಲ್ಲೂ ಇಲ್ಲದ ಕಾರಣ ಬ್ಲೂಚಿಪ್‌ನಿಂದ ಕೂಟದ ಬೇರೆ ಕಂಪನಿಯಲ್ಲಿ ಬಿಸಿನೆಸ್ ಸೀಟು ಎಂಬಂಥ ಕನಸುಗಳಿಗೆ ಇಲ್ಲಿ ಎಡೆಯಿಲ್ಲ. ಇದು ಮುಂದಿನ ಇಂಡಿಗೋ ಟಿಕೆಟ್ಟಿನ ಮೇಲಿನ ರಿಯಾಯಿತಿ ಎಂದು ತಿಳಿದರೆ ನಿರಾಶೆಯಾಗುವುದಿಲ್ಲ. ಹುಬ್ಬಳ್ಳಿ, ಬೆಳಗಾವಿ, ಮಂಗಳೂರುಗಳಿಂದ ಹಾರುವವರಿಗೆ, ಸಮಯಕ್ಕೆ ಸರಿಯಾಗುವ ವಿಮಾನ ಹೆಚ್ಚಿನ ಸಲ ಇಂಡಿಗೋದ್ದೇ ಆಗಿರುವುದರಿಂದ, ಸದಸ್ಯತ್ವವನ್ನು ಪಡೆಯದಿರಲು ಕಾರಣವಿಲ್ಲ. ಆದರೆ ಬ್ಲೂಚಿಪ್‌ಗಾಗಿ ದುಬಾರಿ ಟಿಕೆಟ್ ಕೊಳ್ಳುವಷ್ಟು ಲಾಭ ಇದರಲ್ಲಿಲ್ಲ.

ಎಮಿರೇಟ್ಸ್ ಸ್ಕೈವಾರ್ಡ್ಸ್ ದುಬೈನಲ್ಲಿ ಕೆಲಸದಲ್ಲಿರುವವರಿಗೂ ಅಲ್ಲಿಂದ ಮುಂದೆ ಪ್ರಯಾಣಿಸುವವರಿಗೂ ಸಹಜವಾದ ಆಯ್ಕೆ. ಮೈ ಫ್ಯಾಮಿಲಿ ಸೌಲಭ್ಯದಲ್ಲಿ ಎಂಟು ಜನರ ಮೈಲುಗಳನ್ನು ಪೂರ್ತಿಯಾಗಿ ಕೂಡಿಸಬಹುದು. ಮೈಲುಗಳ ಆಯಸ್ಸು ಸುಮಾರು ಮೂರು ವರ್ಷ, ರದ್ದಾಗುವುದು ಸದಸ್ಯರ ಜನ್ಮದಿನದ ತಿಂಗಳ ಕೊನೆಗೆ. ಸರ್ಚಾರ್ಜ್ ಇಲ್ಲೂ ಭಾರವೇ. ಉಡುಪಿ, ದಕ್ಷಿಣ ಕನ್ನಡದ ಕಡೆಯವರಿಗೆ ಇದರಲ್ಲೊಂದು ತೊಡಕಿದೆ: ಎಮಿರೇಟ್ಸ್ ಮಂಗಳೂರಿಗೆ ಬರುವುದಿಲ್ಲ. ಮೈಲುಗಳಿಗಾಗಿ ಬೆಂಗಳೂರಿಗೆ ಹಾರಿ, ಅಲ್ಲಿಂದ ರಾತ್ರಿ ಬಸ್ಸಿನಲ್ಲಿ ಘಟ್ಟ ಇಳಿಯುವುದು ಯಾವ ಲೆಕ್ಕದಲ್ಲೂ ಲಾಭವಲ್ಲ; ನೇರ ವಿಮಾನದ ಅಗ್ಗದ ಟಿಕೆಟ್ ಕೊಂಡು ಮೈಲುಗಳ ಚಿಂತೆಯನ್ನೇ ಬಿಡುವುದು ಜಾಣತನ.

ಏರ್ ಫ್ರಾನ್ಸ್ ಮತ್ತು ಕೆಎಲ್‌ಎಂ ಕಂಪನಿಗಳ ಫ್ಲೈಯಿಂಗ್ ಬ್ಲೂ ಯೋಜನೆಯಲ್ಲಿ ಬೆಲೆ ಏರಿಳಿಯುತ್ತದಾದರೂ ತಿಂಗಳಿಗೊಮ್ಮೆ ಬರುವ ಪ್ರೋಮೋ ರಿವಾರ್ಡ್ಸ್ ರಿಯಾಯಿತಿಗಳಲ್ಲಿ ಯುರೋಪಿನ ಟಿಕೆಟ್ ಅಗ್ಗಕ್ಕೆ ಸಿಗುತ್ತದೆ, ಮತ್ತು ಮೈಲು ಟಿಕೆಟ್ಟಿನಲ್ಲಿ ಪ್ಯಾರಿಸ್ ಅಥವಾ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಇಳಿದು ತಂಗಲು ಹೆಚ್ಚಿನ ಮೈಲು ಕೊಡಬೇಕಿಲ್ಲ. ದಿನಾಂಕದ ಹಂಗಿಲ್ಲದ ನಿವೃತ್ತರಿಗೆ ಒಪ್ಪುವ ಯೋಜನೆ. ಲುಫ್ತಾನ್ಸಾದ ಮೈಲ್ಸ್ ಅಂಡ್ ಮೋರ್ 2025ರಲ್ಲಿ ತನ್ನ ಕಂಪನಿಗಳ ಬೆಲೆಗಳನ್ನು ಏರಿಳಿಯುವ ಪದ್ಧತಿಗೆ ಬದಲಾಯಿಸಿದ ಮೇಲೆ, ಜರ್ಮನಿಯಲ್ಲಿ ನೆಲೆಸಿದವರನ್ನು ಬಿಟ್ಟು ಉಳಿದವರಿಗೆ ಅದನ್ನು ಸೂಚಿಸಲು ನನಗೆ ಕಾರಣ ಕಾಣುವುದಿಲ್ಲ.

ದರ್ಜೆಯ ಮಾತು

ಇಷ್ಟು ಹೊತ್ತು ಹೇಳಿದ್ದು ಖರ್ಚು ಮಾಡುವ ಮೈಲುಗಳ ವಿಷಯ. ಸಿಲ್ವರ್, ಗೋಲ್ಡ್ ದರ್ಜೆಗಳನ್ನು ತಂದುಕೊಡುವ ಲೆಕ್ಕ ಬೇರೆ ಖಾತೆಯಲ್ಲಿ ನಡೆಯುತ್ತದೆ. ಕಾರ್ಡಿನಿಂದ ಬಂದ ಮೈಲುಗಳು ಸಾಮಾನ್ಯವಾಗಿ ಅದಕ್ಕೆ ಸೇರುವುದಿಲ್ಲ. ಕ್ರಿಸ್‌ಫ್ಲೈಯರ್‌ನಲ್ಲಿ ಗೋಲ್ಡ್ ಆಗಲು ಹನ್ನೆರಡು ತಿಂಗಳಲ್ಲಿ 50,000 ಎಲೀಟ್ ಮೈಲುಗಳು, ಅಂದರೆ ದರ್ಜೆಗೆಂದೇ ಎಣಿಸುವ ಮೈಲುಗಳು, ಬೇಕು. ಕಚೇರಿಯ ಖರ್ಚಿನಲ್ಲಿ ಮೇಲಿನ ತರಗತಿಗಳಲ್ಲಿ ಹಾರುವವರಿಗೆ ಮಾತ್ರ ಇದು ಕೈಗೆಟಕುವ ಗುರಿ. ಸ್ಟಾರ್ ಅಲಯನ್ಸ್‌ನ ಗೋಲ್ಡ್ ದರ್ಜೆ ಸಿಕ್ಕರೆ ಕೂಟದ ಯಾವ ವಿಮಾನದಲ್ಲಿ ಹಾರಿದರೂ ಲಾಂಜ್ ಪ್ರವೇಶವೂ ಹೆಚ್ಚುವರಿ ಲಗೇಜೂ ಸಿಗುತ್ತವೆ. ಅಮೆರಿಕದೊಳಗೆ ಓಡಾಡುವವರಿಗೆ ಉಪಯೋಗವಾಗುವ ಒಂದು ವಿಚಿತ್ರ ನಿಯಮ ಇಲ್ಲಿದೆ: ಅಮೆರಿಕದೊಳಗಿನ ಪ್ರಯಾಣದಲ್ಲಿ ಯುನೈಟೆಡ್‌ನ ಸ್ವಂತ ಗೋಲ್ಡ್ ಸದಸ್ಯರಿಗೆ ಯುನೈಟೆಡ್ ಕ್ಲಬ್ ಲಾಂಜ್ ಸಿಗುವುದಿಲ್ಲ, ಆದರೆ ಮಹಾರಾಜ ಕ್ಲಬ್ ಅಥವಾ ಕ್ರಿಸ್‌ಫ್ಲೈಯರ್‌ನ ಗೋಲ್ಡ್ ಸದಸ್ಯರಿಗೆ ಅದೇ ಬಾಗಿಲು ತೆರೆಯುತ್ತದೆ.

ಯಾರಿಗೆ ಯಾವುದು?

ವರ್ಷಕ್ಕೆ ಹಲವು ಸಲ ದೇಶದೊಳಗೆ ಹಾರುವ, ಟಿಕೆಟ್ಟಿನ ಖರ್ಚು ಕಚೇರಿಯದಾಗಿರುವ, ವಿಮಾನ ಆರಿಸುವ ಸ್ವಾತಂತ್ರ್ಯವೂ ಇರುವ ಬೆಂಗಳೂರಿನ ಉದ್ಯೋಗಿಗೆ ಮಹಾರಾಜ ಕ್ಲಬ್ ನನ್ನ ಮೊದಲ ಸೂಚನೆ, ಬ್ಲೂಚಿಪ್ ಜೊತೆಗಿರಲಿ. ಹಾರಾಟ ಕಡಿಮೆಯಿದ್ದು, ಕಾರ್ಡಿನ ಖರ್ಚು ಹೆಚ್ಚಿದ್ದು, ಆಗ್ನೇಯ ಏಷ್ಯಾ ಇಲ್ಲವೆ ಆಸ್ಟ್ರೇಲಿಯಾ ಕಡೆ ಮನಸ್ಸಿರುವವರಿಗೆ ಕ್ರಿಸ್‌ಫ್ಲೈಯರ್ ಒಪ್ಪುತ್ತದೆ. ಎಚ್‌ಡಿಎಫ್‌ಸಿ, ಆಕ್ಸಿಸ್, ಅಮೆರಿಕನ್ ಎಕ್ಸ್‌ಪ್ರೆಸ್‌ಗಳ ಮೇಲ್ದರ್ಜೆಯ ಕಾರ್ಡುಗಳ ಪಾಯಿಂಟ್‌ಗಳು ಅದಕ್ಕೆ ವರ್ಗವಾಗುತ್ತವೆ, ಮತ್ತು ಅವನ್ನು ಬೇಕಾದಾಗಷ್ಟೇ ವರ್ಗಾಯಿಸಿಕೊಂಡರೆ 36 ತಿಂಗಳ ಗಡುವು ಕಾಡುವುದಿಲ್ಲ. ಮಗನೋ ಮಗಳೋ ಅಮೆರಿಕದಲ್ಲಿದ್ದು ಎರಡು ಮೂರು ವರ್ಷಕ್ಕೊಮ್ಮೆ ಹೋಗಿಬರುವ ಹಿರಿಯರು ಬೇರೆಬೇರೆ ಕಂಪನಿಗಳ ಖಾತೆ ತೆರೆಯುವ ಬದಲು, ಸ್ಟಾರ್ ಅಲಯನ್ಸ್‌ನಲ್ಲಿ ಹಾರಿದಾಗಲೆಲ್ಲ ಯುನೈಟೆಡ್ ಖಾತೆಯೊಂದಕ್ಕೇ ಜಮಾ ಮಾಡಿಸುವುದು ಕ್ಷೇಮ. ಮೈಲುಗಳು ಎಷ್ಟು ನಿಧಾನವಾಗಿ ಕೂಡಿದರೂ ಕಳೆದುಹೋಗುವುದಿಲ್ಲ. ಅಲ್ಲಿರುವ ಮಕ್ಕಳು ಅಪ್ಪ ಅಮ್ಮನಿಗೆ ಟಿಕೆಟ್ ಮಾಡಿಸಲು ಕೂಡಿಡುವುದಾದರೆ ಏರೋಪ್ಲಾನ್. ಬ್ರಿಟನ್ನಿನಲ್ಲಿರುವವರಿಗೆ, ಶುಲ್ಕದ ಕಹಿಯನ್ನು ನುಂಗಿಕೊಂಡಾದರೂ, ಏವಿಯೋಸ್‌ಗಿಂತ ಅನುಕೂಲದ ನಾಣ್ಯ ಕಾಣೆ.

ಯಾವುದನ್ನು ಆರಿಸಿದರೂ ಖಾತೆ ತೆರೆಯುವಾಗ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಬೇಕು. ಊರು ಮತ್ತು ತಂದೆಯ ಹೆಸರುಗಳನ್ನು ಇನಿಷಿಯಲ್ ಆಗಿ ಬಳಸುವ ನಮ್ಮಲ್ಲಿ ಖಾತೆಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದರ ಪೂರ್ಣರೂಪ, ಟಿಕೆಟ್ಟಿನಲ್ಲಿ ಮೂರನೆಯದೊಂದು ರೂಪ ಇರುವುದು ಸಾಮಾನ್ಯ. ಹೆಸರು ಹೊಂದದಿದ್ದರೆ ಮೈಲುಗಳು ಜಮಾ ಆಗುವುದಿಲ್ಲ. ತಪ್ಪಿಹೋದ ಮೈಲುಗಳನ್ನು ಆಮೇಲೆ ಕೇಳಿ ಪಡೆಯಲು ಕೆಲವರಲ್ಲಿ ಆರು ತಿಂಗಳು, ಕೆಲವರಲ್ಲಿ ಒಂದು ವರ್ಷ ಕಾಲಾವಕಾಶವಿದೆ. ಜಮಾ ಆದದ್ದು ಕಣ್ಣಿಗೆ ಕಾಣುವ ತನಕ ಬೋರ್ಡಿಂಗ್ ಪಾಸನ್ನೂ ಟಿಕೆಟ್ ಸಂಖ್ಯೆಯನ್ನೂ ಇಟ್ಟುಕೊಂಡಿರಬೇಕು.

ಬ್ಯಾಂಕಿನ ಪಾಯಿಂಟ್‌ಗಳನ್ನು ವಿಮಾನ ಕಂಪನಿಗೆ ವರ್ಗಾಯಿಸಿದ ಮೇಲೆ ಹಿಂದಕ್ಕೆ ತರಲು ಬರುವುದಿಲ್ಲ, ಮತ್ತು ಕೆಲವು ವರ್ಗಾವಣೆಗಳು ಮುಗಿಯಲು ದಿನಗಳೇ ಹಿಡಿಯುತ್ತವೆ. ಆದ್ದರಿಂದ ಬೇಕಾದ ದಿನಾಂಕಕ್ಕೆ, ಬೇಕಾದಷ್ಟು ಜನರಿಗೆ ಸೀಟು ಇರುವುದನ್ನು ಮೊದಲು ಆ ಕಂಪನಿಯ ತಾಣದಲ್ಲೇ ನೋಡಿ, ನಗದು ಭಾಗ ಎಷ್ಟೆಂದು ಬರೆದಿಟ್ಟುಕೊಂಡು, ಭಾಗಾಕಾರ ಮುಗಿಸಿ, ಆಮೇಲೆ ವರ್ಗಾವಣೆಯ ಗುಂಡಿ ಒತ್ತಬೇಕು. ಹೊಸ ಖಾತೆಯಾದರೆ ಮೊದಲ ಸಲ ಬ್ಯಾಂಕಿಗೆ ಜೋಡಿಸಿಕೊಳ್ಳುವುದಕ್ಕೂ ಸಮಯ ಬೇಕಾಗಬಹುದಾದ್ದರಿಂದ, ಸದಸ್ಯತ್ವವನ್ನು ಇವತ್ತೇ ಪಡೆದು ಒಂದು ಸಣ್ಣ ಮೊತ್ತವನ್ನು ಕಳುಹಿಸಿ ನೋಡುವುದು ಒಳ್ಳೆಯದು.